ಹುಟ್ಟಿದ ದಿನಾಂಕ ಪಾಸ್‌ವರ್ಡ್ ಅಲ್ಲ

ಬ್ಯಾಂಕ್ ಸ್ಟೇಟ್‌ಮೆಂಟು, ವಿಮಾ ಪಾಲಿಸಿ, ಸಂಬಳದ ಚೀಟಿ, ಆದಾಯ ತೆರಿಗೆ ಇಲಾಖೆಯ ಇಂಟಿಮೇಷನ್, ಇ-ಆಧಾರ್ – ಇವತ್ತು ಇವೆಲ್ಲ ನಮ್ಮ ಕೈಗೆ ಬರುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ. ಆ ಪಾಸ್‌ವರ್ಡ್ ಯಾವುದೆಂಬುದನ್ನು ಬಹುತೇಕ ಅದೇ ಮೇಲ್‌ನ ಕೆಳಗಿನ ಸಾಲುಗಳಲ್ಲಿ ವಿವರಿಸಿರುತ್ತಾರೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಮುಂದೆ ಹುಟ್ಟಿದ ದಿನ ಮತ್ತು ತಿಂಗಳು; ಇಲ್ಲವೇ ಪೂರ್ತಿ ಜನ್ಮದಿನಾಂಕ; ಇಲ್ಲವೇ ಪ್ಯಾನ್ ನಂಬರು. ಇ-ಆಧಾರ್‌ನ ಸೂತ್ರವಂತೂ ಆಧಾರ್ ಪ್ರಾಧಿಕಾರವೇ ಪ್ರಕಟಿಸಿರುವಂಥದ್ದು: ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಕಳಿಸುವ ಕಚೇರಿಗಳು ಇದನ್ನು ಸುರಕ್ಷಿತ ರವಾನೆ ಎಂದು ಕರೆಯುತ್ತವೆ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ತೆರೆದುಕೊಂಡರೆ ಸಾಕು, ಪಡೆಯುವವರಿಗೂ ಸಮಾಧಾನ. ಈ ಸಮಾಧಾನಕ್ಕೆ ಆಧಾರವಿಲ್ಲ ಎನ್ನುವುದು ನನ್ನ ವಾದ. ಕಡತಕ್ಕೆ ಪಾಸ್‌ವರ್ಡ್ ಇದೆಯೇ ಎಂದು ಕೇಳಿ ಸುಮ್ಮನಾಗುವ ಬದಲು ಆ ಪಾಸ್‌ವರ್ಡ್ ಎಲ್ಲಿ ತಯಾರಾಯಿತು ಎಂದು ಕೇಳಬೇಕು. ಅದು ತಯಾರಾಗುವುದು ಟೆಂಪ್ಲೇಟಿನಲ್ಲಿ. ಒಮ್ಮೆ ಯಾರೋ ಕೂತು ರೂಪಿಸಿದ ಆ ಟೆಂಪ್ಲೇಟಿನ ಒಂದು ತಪ್ಪು ಆಮೇಲೆ ಲಕ್ಷಾಂತರ ಜನರ ಕಡತಗಳಲ್ಲಿ ಅಚ್ಚಾಗುತ್ತಾ ಹೋಗುತ್ತದೆ.

ಮೊದಲು ಎದುರಾಗುವ ಉತ್ತರ ತಾಂತ್ರಿಕವಾದದ್ದು. ನಾವು ಬಳಸುವುದು 256 ಬಿಟ್‌ಗಳ ಎಇಎಸ್ ಎನ್‌ಕ್ರಿಪ್ಷನ್, ಅದನ್ನು ಯಾರಿಂದಲೂ ಒಡೆಯಲಾಗದು ಎನ್ನುತ್ತಾರೆ. ಎಇಎಸ್ ಬಗ್ಗೆ ಆ ಮಾತು ನಿಜ. ಆದರೆ ಕಡತ ಕದ್ದವನು ಎಇಎಸ್ ಅನ್ನು ಮುಟ್ಟುವುದೇ ಇಲ್ಲ. ಪಿಡಿಎಫ್‌ನ ಒಳಗೇ, ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾದ ಒಂದು ಸಣ್ಣ ದತ್ತಾಂಶ ಇರುತ್ತದೆ. ಉಚಿತವಾಗಿ ಸಿಗುವ ಸಾಧನಗಳು ಅದನ್ನು ಹೊರತೆಗೆದು, ಒಂದಾದ ಮೇಲೊಂದು ಊಹೆಯನ್ನು ಅದಕ್ಕೆ ಹೋಲಿಸಿ ನೋಡುತ್ತವೆ. ಎಟಿಎಂನಲ್ಲಿ ಪಿನ್ ಕೆಲವು ಸಲ ತಪ್ಪಿದರೆ ಕಾರ್ಡು ಬ್ಲಾಕ್ ಆಗುತ್ತದೆ, ಏಕೆಂದರೆ ಪ್ರತಿ ಪ್ರಯತ್ನವೂ ಬ್ಯಾಂಕಿನ ಸರ್ವರ್ ಮೂಲಕವೇ ಹೋಗಬೇಕು. ನಾಲ್ಕಂಕಿಯ ಪಿನ್ ಅಷ್ಟಾದರೂ ಕೆಲಸ ಮಾಡುತ್ತಿರುವುದು ಆ ಮಿತಿಯಿಂದ. ಮೇಲ್‌ನಲ್ಲಿ ಹೋದ ಪಿಡಿಎಫ್‌ಗೆ ಅಂಥ ಕಾವಲುಗಾರ ಯಾರೂ ಇಲ್ಲ. ಅದು ಕದ್ದವನ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅವನು ಎಷ್ಟು ಕೋಟಿ ಸಲ ಪ್ರಯತ್ನಿಸಿದರೂ ಯಾರಿಗೂ ಸುದ್ದಿ ಮುಟ್ಟುವುದಿಲ್ಲ.

ಇಲ್ಲಿ ಲೆಕ್ಕ ಹಾಕದೆ ಮುಂದೆ ಹೋಗಬಾರದು. ಪಿಡಿಎಫ್‌ಗೆ ಎನ್‌ಕ್ರಿಪ್ಷನ್ ಬಂದದ್ದು 1994ರಲ್ಲಿ, 1.1 ಆವೃತ್ತಿಯೊಂದಿಗೆ. ಆಗಿನ ಕೀಲಿಯ ಉದ್ದ 40 ಬಿಟ್. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಅಷ್ಟು ಸಾಲದು ಎಂದೇ 2001ರಲ್ಲಿ ಅದನ್ನು 128 ಬಿಟ್‌ಗೆ ಏರಿಸಿದರು, 2008ರಲ್ಲಿ ಬಂದ, ಅಡೋಬ್ ಕಂಪನಿಯ ಅಕ್ರೋಬ್ಯಾಟ್ 9ರಲ್ಲಿ 256ಕ್ಕೆ ಒಯ್ದರು. ಈಗ ನಮ್ಮ ಸೂತ್ರದ ಪಾಸ್‌ವರ್ಡನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಅಕ್ಷರ ಮತ್ತು ದಿನ-ತಿಂಗಳು ಎಂದರೆ, ಹೆಸರು ಗೊತ್ತೇ ಇಲ್ಲದವನಿಗೂ ಹೆಚ್ಚೆಂದರೆ 16 ಕೋಟಿ 73 ಲಕ್ಷದಷ್ಟು ಸಾಧ್ಯತೆ. ಮೂವತ್ತು ವರ್ಷದ ಹಿಂದಿನ, ದುರ್ಬಲವೆಂದು ಕೈಬಿಟ್ಟ ಕೀಲಿಗಿಂತ ಇದು ಆರು ಸಾವಿರ ಪಟ್ಟಿಗೂ ಹೆಚ್ಚು ಚಿಕ್ಕದು. ಹೆಸರು ಗೊತ್ತಿದ್ದವನಿಗೆ ಉಳಿಯುವುದು 366. ಮತ್ತು ಹೆಸರು ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ, ಏಕೆಂದರೆ ಮೇಲ್ ಶುರುವಾಗುವುದೇ ಗ್ರಾಹಕರ ಹೆಸರು ಹಿಡಿದು. ಇ-ಆಧಾರ್ ಆದರೆ ಹೆಸರಿನ ಜೊತೆ ಹುಟ್ಟಿದ ವರ್ಷ ಮಾತ್ರ. ನೂರು ಊಹೆಯೊಳಗೆ ಮುಗಿಯುತ್ತದೆ, ಕೈಯಲ್ಲೇ ಟೈಪ್ ಮಾಡುತ್ತಾ ಕೂತರೂ ಒಂದು ಮಧ್ಯಾಹ್ನದ ಕೆಲಸ. ಪೂರ್ತಿ ಜನ್ಮದಿನಾಂಕ ಎಂದರೆ ನೂರು ವರ್ಷಕ್ಕೆ 36,525 ದಿನ. ಸೆಕೆಂಡಿಗೆ ಬರೀ ನೂರು ಊಹೆ ಎಂದು ಉದಾರವಾಗಿ ಹಿಡಿದರೂ ಆರು ನಿಮಿಷ ಸಾಕು. 256 ಬಿಟ್ ಎಂಬ ಅಂಕಿ ಇಲ್ಲಿ ಯಾರನ್ನೂ ಕಾಯುತ್ತಿಲ್ಲ.

ಆ ಅಂಕಿಯೇ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಅಕ್ರೋಬ್ಯಾಟ್ 9 ಸಾಕ್ಷಿ. ಅದರಲ್ಲಿ ಕೀಲಿ ಹಿಂದಿಗಿಂತ ಉದ್ದವಾಯಿತು, ಆದರೆ ಪಾಸ್‌ವರ್ಡ್ ಪರೀಕ್ಷಿಸುವ ಲೆಕ್ಕ ಹಗುರವಾಯಿತು. ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳನ್ನೇ ಮಾರುವ ರಷ್ಯಾದ ಎಲ್ಕಮ್‌ಸಾಫ್ಟ್ ಕಂಪನಿ, ಹಿಂದಿನ ಆವೃತ್ತಿಗಿಂತ ಸುಮಾರು ನೂರು ಪಟ್ಟು ವೇಗವಾಗಿ ಊಹೆಗಳನ್ನು ಪರೀಕ್ಷಿಸಬಹುದೆಂದು ಬಹಿರಂಗವಾಗಿ ಹೇಳಿತು. ಮುಂದಿನ ಆವೃತ್ತಿಯಲ್ಲಿ ಅಡೋಬ್ ಆ ಲೆಕ್ಕವನ್ನು ಬೇಕೆಂದೇ ಭಾರವಾಗಿಸಬೇಕಾಯಿತು. 2017ರ ಪಿಡಿಎಫ್ 2.0 ಮಾನಕದಲ್ಲಿರುವುದು ಆ ತಿದ್ದಿದ ವಿಧಾನ. ಒಳ್ಳೆಯ ತಿದ್ದುಪಡಿಯೇ ಸರಿ. ಆದರೆ ಒಂದೊಂದು ಊಹೆಯನ್ನು ಎಷ್ಟೇ ನಿಧಾನ ಮಾಡಿದರೂ ಒಟ್ಟು ಊಹೆಗಳು 366 ಇರುವಲ್ಲಿ ಅದರಿಂದ ಏನೂ ಉಳಿಯದು.

ನಮ್ಮಲ್ಲಿ ಆ 366 ಕೂಡ ಪೂರ್ತಿ 366 ಅಲ್ಲ. ಹಳೆಯ ತಲೆಮಾರಿನ ಎಷ್ಟೋ ಕನ್ನಡಿಗರ ದಾಖಲೆಯ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸಲು ಹೋದಾಗ ಮನೆಯವರಿಗೆ ನೆನಪಿದ್ದದ್ದು ಯುಗಾದಿಯ ಹಿಂದೆಯೋ ಮುಂದೆಯೋ ಎಂಬಷ್ಟು ಮಾತ್ರ. ಮೇಷ್ಟ್ರು ಶಾಲೆ ಶುರುವಾಗುವ ದಿನಕ್ಕೆ ಹೊಂದುವಂತೆ ಒಂದು ತಾರೀಕು ಬರೆದುಕೊಂಡರು. ಆಧಾರ್ ನೋಂದಣಿಯಲ್ಲಿ ವಯಸ್ಸು ಮಾತ್ರ ಹೇಳಿದ ಅನೇಕರ ದಾಖಲೆಯಲ್ಲಿ ಜನವರಿ 1 ಕೂತಿದೆ. ಊಹಿಸುವವನು ಮೊದಲು ಈ ಎರಡು ದಿನಾಂಕಗಳನ್ನೇ ಹಾಕಿ ನೋಡುತ್ತಾನೆ. ಹೀಗೆ, ಪಿಂಚಣಿಯ ಕಾಗದಕ್ಕಾಗಿ ಇನ್ನೊಬ್ಬರ ಫೋನನ್ನು ಅವಲಂಬಿಸಿರುವ, ಮೋಸಕ್ಕೆ ಎಲ್ಲರಿಗಿಂತ ಹೆಚ್ಚು ಗುರಿಯಾಗುವ ಹಿರಿಯರೇ ಈ ಸೂತ್ರದಲ್ಲಿ ಎಲ್ಲರಿಗಿಂತ ಕಡಿಮೆ ರಕ್ಷಣೆ ಪಡೆದವರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಾಮಾನ್ಯ ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಹುಟ್ಟಿದ ದಿನಾಂಕ ಒಮ್ಮೆ ಸೋರಿದರೆ ಹತ್ತು ವರ್ಷದ ಹಿಂದಿನ ಸ್ಟೇಟ್‌ಮೆಂಟೂ ಮುಂದಿನ ತಿಂಗಳು ಬರಲಿರುವ ಸ್ಟೇಟ್‌ಮೆಂಟೂ ಅದರಿಂದಲೇ ತೆರೆಯುತ್ತವೆ. ಪ್ಯಾನ್ ಕೂಡ ಗುಟ್ಟಿನ ವಸ್ತುವೇನಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಬಾಡಿಗೆದಾರ ತನ್ನ ಎಚ್‌ಆರ್‌ಎ ವಿನಾಯಿತಿಗಾಗಿ ಮನೆ ಮಾಲೀಕರ ಪ್ಯಾನ್ ಕೊಡಬೇಕು. ಎರಡು ಲಕ್ಷ ಮೀರಿದ ಒಡವೆ ಕೊಳ್ಳುವಾಗ ಅಂಗಡಿಯವರಿಗೆ ಪ್ಯಾನ್ ಕೊಡಬೇಕು. ಕಾನೂನೇ ಹತ್ತು ಕಡೆ ಕೊಡಿಸುವ ಸಂಖ್ಯೆಯನ್ನು ಗುಟ್ಟೆಂದು ಭಾವಿಸುವುದು ಹೇಗೆ?

ಪ್ರಾಮಾಣಿಕವಾದ ಒಂದು ಆಕ್ಷೇಪವಿದೆ, ಅದಕ್ಕೆ ಸರಿಯಾದ ಉತ್ತರ ಕೊಡಲೇಬೇಕು. ಈ ಪಾಸ್‌ವರ್ಡ್ ನುರಿತ ಕಳ್ಳರಿಗಾಗಿ ಅಲ್ಲ, ಮೇಲ್ ತಪ್ಪಿ ಬೇರೆಯವರಿಗೆ ಹೋದಾಗ ಅವರು ಸುಮ್ಮನೆ ತೆರೆದು ನೋಡದಿರಲಿ ಎಂದು ಮಾತ್ರ ಎಂದು ಬಲ್ಲವರು ಹೇಳುತ್ತಾರೆ. ಉದ್ದೇಶ ಅಷ್ಟೇ ಆಗಿದ್ದರೂ ಸೂತ್ರ ಅದನ್ನು ನೆರವೇರಿಸುತ್ತಿಲ್ಲ. ಮೇಲ್ ಹೆಚ್ಚಾಗಿ ತಪ್ಪುವುದು ಯಾರಿಗೆ? ಹೆಸರು ಹೋಲುವವರಿಗೆ. ಮೇಲ್ ವಿಳಾಸದಲ್ಲಿ ಮಂಜುನಾಥ ಎಂಬ ಹೆಸರಿನ ಮುಂದೆ ಒಂದು ಅಂಕಿ ಬಿಟ್ಟುಹೋದರೆ ಕಾಗದ ಇನ್ನೊಬ್ಬ ಮಂಜುನಾಥನ ಇನ್‌ಬಾಕ್ಸಿಗೆ ಬೀಳುತ್ತದೆ. ಇಬ್ಬರ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳೂ ಒಂದೇ. ಮಂಜುಳಾ ಅವರದ್ದೂ ಅದೇ. ಬಸವರಾಜ, ಬಸಪ್ಪ, ಬಸಮ್ಮ ಮೂವರಿಗೂ ಒಂದೇ ನಾಲ್ಕು ಅಕ್ಷರ. ಅಂದರೆ ತಪ್ಪು ನಡೆಯುವ ಸಾಧ್ಯತೆ ಎಲ್ಲಿ ಹೆಚ್ಚೋ ಅಲ್ಲೇ ಪಾಸ್‌ವರ್ಡಿನ ಅರ್ಧ ಭಾಗ ತಾನಾಗಿ ಬಿಚ್ಚಿಕೊಂಡಿರುತ್ತದೆ. ಇನ್ನು, ಕಾಗದವನ್ನು ಕದ್ದು ನೋಡುವ ಆಸಕ್ತಿ ನಿಜವಾಗಿ ಇರುವುದು ಯಾರಿಗೆ ಎಂದು ಯೋಚಿಸಿ. ಆಸ್ತಿಯ ತಕರಾರಿನಲ್ಲಿರುವ ದಾಯಾದಿ, ಬೇರೆಯಾದ ಸಂಗಾತಿ, ಸಂಬಳ ಎಷ್ಟೆಂದು ತಿಳಿಯಲು ಹವಣಿಸುವ ಸಹೋದ್ಯೋಗಿ. ಇವರಲ್ಲಿ ಯಾರಿಗೆ ನಿಮ್ಮ ಹುಟ್ಟಿದ ದಿನ ಗೊತ್ತಿಲ್ಲ? ದೂರದ ಅಪರಿಚಿತನಿಗೆ ಆರು ನಿಮಿಷದ ತಡೆ ಒಡ್ಡಿ ಹತ್ತಿರದ ಹಿತಶತ್ರುವಿಗೆ ಒಂದು ನಿಮಿಷದ ತಡೆಯನ್ನೂ ಒಡ್ಡದ ವ್ಯವಸ್ಥೆ ಇದು.

ಈಗ ಟೆಂಪ್ಲೇಟಿನ ವಿಷಯಕ್ಕೆ ಬರೋಣ. ಅಕ್ರೋಬ್ಯಾಟ್‌ನಲ್ಲಿ ಬಹಳ ವರ್ಷಗಳಿಂದ ಸೆಕ್ಯುರಿಟಿ ಎನ್ವಲಪ್ ಎಂಬ ಸೌಲಭ್ಯವಿದೆ. ಕಳಿಸಬೇಕಾದ ಕಡತಗಳನ್ನು ಆರಿಸಿ, ಲಕೋಟೆಯ ಒಂದು ಟೆಂಪ್ಲೇಟನ್ನು ಆರಿಸಿ, ಒಂದು ಸೆಕ್ಯುರಿಟಿ ಪಾಲಿಸಿಯನ್ನು, ಅಂದರೆ ಭದ್ರತೆಯ ಸೆಟ್ಟಿಂಗ್‌ಗಳ ಕಟ್ಟನ್ನು, ಹಚ್ಚಿದರೆ ಕಡತಗಳು ಒಂದು ಪಿಡಿಎಫ್‌ಗೆ ಅಟ್ಯಾಚ್‌ಮೆಂಟ್‌ಗಳಾಗಿ ಸೇರಿ ಎನ್‌ಕ್ರಿಪ್ಟ್ ಆಗುತ್ತವೆ. ಮೇಲಿನ ಹಾಳೆ ಮಾತ್ರ ಎಲ್ಲರಿಗೂ ಕಾಣುತ್ತದೆ. ದಿನಾಂಕದ ಮುದ್ರೆ ಇರುವುದು, ಸಹಿಗೆ ಜಾಗವಿರುವುದು, ಇಲಾಖೆಯಿಂದ ಇಲಾಖೆಗೆ ಹೋಗುವುದು ಎಂದು ಕೆಲವು ಟೆಂಪ್ಲೇಟುಗಳು ತಂತ್ರಾಂಶದ ಜೊತೆಗೇ ಬರುತ್ತವೆ. ನಮ್ಮದೇ ಪಿಡಿಎಫ್ ಒಂದನ್ನು ಟೆಂಪ್ಲೇಟಾಗಿ ಬಳಸಲೂಬಹುದು. ಇದೊಂದು ಒಳ್ಳೆಯ ಕಲ್ಪನೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಡಿಜಿಟಲ್ ಸಹಿ ಹಾಕಿದ ಒಪ್ಪಂದಪತ್ರಕ್ಕೆ ಆಮೇಲೆ ಪಾಸ್‌ವರ್ಡ್ ಹಾಕಲು ಹೋದರೆ ಸಹಿ ಕೆಡುತ್ತದೆ. ಲಕೋಟೆಯೊಳಗಿಟ್ಟರೆ ಮೂಲ ಕಡತದ ಒಂದು ಬೈಟ್ ಕೂಡ ಬದಲಾಗುವುದಿಲ್ಲ, ಸಹಿ ಹಾಗೇ ಉಳಿಯುತ್ತದೆ. ಎಕ್ಸೆಲ್ ಹಾಳೆ, ಫೋಟೋ, ನಕ್ಷೆ ಏನನ್ನು ಬೇಕಾದರೂ ಇಡಬಹುದು.

ಆದರೆ ಇದರಲ್ಲಿ ಟೆಂಪ್ಲೇಟು ಬೇರೆ, ಪಾಲಿಸಿ ಬೇರೆ. ಕಣ್ಣಿಗೆ ಕಾಣುವುದು ಟೆಂಪ್ಲೇಟು, ಕಾಯುವುದು ಪಾಲಿಸಿ. ಕಚೇರಿಗಳ ಗಮನವೆಲ್ಲ ಮೊದಲನೆಯದರ ಮೇಲೆ ಬೀಳುತ್ತದೆ: ಲೋಗೋ ಎಲ್ಲಿರಬೇಕು, ವಿಳಾಸ ಯಾವ ಫಾಂಟಿನಲ್ಲಿ, ಗೌಪ್ಯ ಎಂಬ ಕೆಂಪು ಪಟ್ಟಿ ಎಷ್ಟು ಅಗಲ. ಎರಡನೆಯದನ್ನು ಮೊದಲ ದಿನ ಯಾರೋ ತುಂಬಿದಂತೆ ಬಿಟ್ಟುಬಿಡುತ್ತಾರೆ. ಅಕ್ರೋಬ್ಯಾಟ್‌ನಲ್ಲಿ ಪಾಲಿಸಿಯ ಜೊತೆಗೇ ಪಾಸ್‌ವರ್ಡನ್ನೂ ಉಳಿಸಿಡುವ ಆಯ್ಕೆ ಇದೆ. ಅದನ್ನು ಒತ್ತಿದ ಕ್ಷಣದಿಂದ ಆ ಕಚೇರಿಯಿಂದ ಹೊರಡುವ ಪ್ರತಿ ಲಕೋಟೆಗೂ ಒಂದೇ ಪಾಸ್‌ವರ್ಡ್. ಒಬ್ಬ ಗುತ್ತಿಗೆದಾರನಿಗೆ ಹೇಳಿದ ಪಾಸ್‌ವರ್ಡ್ ಅವನ ಪ್ರತಿಸ್ಪರ್ಧಿಯ ಲಕೋಟೆಯನ್ನೂ ತೆರೆಯುತ್ತದೆ. ಮುಂದೆ ಪಾಲಿಸಿಯನ್ನು ತಿದ್ದಿದರೂ ಈಗಾಗಲೇ ಹೋದವುಗಳ ಪಾಸ್‌ವರ್ಡ್ ಬದಲಾಗುವುದಿಲ್ಲ. ಮೇಲಿನ ಹಾಳೆಯದ್ದೂ ಒಂದು ತೊಂದರೆ. ಲಕೋಟೆಯಲ್ಲಿ ಅಟ್ಯಾಚ್‌ಮೆಂಟ್ ಮಾತ್ರ ಎನ್‌ಕ್ರಿಪ್ಟ್ ಆಗುವುದರಿಂದ ಹಾಳೆಯ ಮೇಲಿನ ವಿಷಯ ಸಾಲು, ಒಳಗಿನ ಕಡತಗಳ ಹೆಸರು ಎರಡೂ ಬಯಲಲ್ಲಿರುತ್ತವೆ. ಟೆಂಪ್ಲೇಟಿನಲ್ಲಿ ವಿಷಯ ಎಂಬ ಖಾನೆ ಇದ್ದ ಮೇಲೆ ಗುಮಾಸ್ತ ಅದನ್ನು ತುಂಬುತ್ತಾನೆ, ಅದು ಅವನ ತಪ್ಪಲ್ಲ. ‘ವಜಾ ಆದೇಶ’ ಎಂದೋ ‘ವೈದ್ಯಕೀಯ ಮಂಡಳಿಯ ವರದಿ’ ಎಂದೋ ಹೊರಗೇ ಬರೆದಿದ್ದರೆ ಒಳಗಿನ ಅಕ್ಷರಗಳನ್ನು ಕಾದು ಫಲವೇನು? ದೊಡ್ಡ ಸಂಸ್ಥೆಗಳು ತಿಂಗಳಿಗೆ ಲಕ್ಷಗಟ್ಟಲೆ ಕಾಗದ ಕಳಿಸಲು ಬೇರೆ ತಂತ್ರಾಂಶ ಬಳಸುತ್ತವೆ, ಆದರೆ ಅಲ್ಲೂ ನಡೆಯುವುದು ಇದೇ. ಗ್ರಾಹಕರ ಪಟ್ಟಿಯ ಎರಡು ಖಾನೆಗಳನ್ನು ಜೋಡಿಸಿ ಪಾಸ್‌ವರ್ಡ್ ಮಾಡು ಎಂಬ ಸಾಲು ಟೆಂಪ್ಲೇಟಿನಲ್ಲಿ ಬರೆದಿರುತ್ತದೆ. ಬರೆದವರು ಬೇರೆ ಕೆಲಸಕ್ಕೆ ಹೋದ ಮೇಲೂ ಅದು ಹಾಗೇ ಓಡುತ್ತಿರುತ್ತದೆ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಪಿಡಿಎಫ್ ಎನ್‌ಕ್ರಿಪ್ಷನ್ ಪೂರ್ಣ ಭರವಸೆ ಕೊಡಲಾರದು ಎಂದು 2019ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಬೋಖುಮ್‌ನ ರೂರ್ ವಿಶ್ವವಿದ್ಯಾಲಯ ಮತ್ತು ಮ್ಯೂನ್‌ಸ್ಟರ್‌ನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದವರು ಪರೀಕ್ಷಿಸಿದ 27 ಪಿಡಿಎಫ್ ರೀಡರ್‌ಗಳಲ್ಲಿ ಪ್ರತಿಯೊಂದೂ ಒಂದಲ್ಲ ಒಂದು ದಾಳಿಗೆ ಸಿಕ್ಕಿಬಿತ್ತು. ದಾಳಿಕೋರನಿಗೆ ಪಾಸ್‌ವರ್ಡ್ ತಿಳಿಯಬೇಕಾಗಿಯೇ ಇಲ್ಲ. ದಾರಿಯಲ್ಲಿ ಸಿಕ್ಕ ಕಡತಕ್ಕೆ ಎನ್‌ಕ್ರಿಪ್ಟ್ ಆಗದ ಒಂದು ತುಣುಕನ್ನು ಸೇರಿಸಿ ಬಿಡುತ್ತಾನೆ. ನಿಜವಾದ ಮಾಲೀಕರು ಪಾಸ್‌ವರ್ಡ್ ಕೊಟ್ಟು ತೆರೆದಾಗ ಬಿಡಿಸಿದ ಪಠ್ಯ ಆ ತುಣುಕಿನ ಮೂಲಕ ಅವನ ಸರ್ವರಿಗೆ ಹೋಗುತ್ತದೆ. ಮೂಲ ದೋಷ ಮಾನಕದಲ್ಲೇ ಇತ್ತು. ಒಂದೇ ಕಡತದಲ್ಲಿ ಎನ್‌ಕ್ರಿಪ್ಟ್ ಆದ ಭಾಗ ಮತ್ತು ಆಗದ ಭಾಗ ಎರಡೂ ಇರಲು ಅವಕಾಶವಿತ್ತು, ಕಡತವನ್ನು ಯಾರಾದರೂ ಮಧ್ಯೆ ತಿದ್ದಿದ್ದಾರೆಯೇ ಎಂದು ಪತ್ತೆ ಹಚ್ಚುವ ವ್ಯವಸ್ಥೆ ಇರಲಿಲ್ಲ. ಆ ಕೊರತೆ ತುಂಬುವ ಐಎಸ್‌ಒ ತಾಂತ್ರಿಕ ನಿರ್ದೇಶನ ಬಂದದ್ದು 2024ರಲ್ಲಿ. ಅದು ಜನರ ಫೋನುಗಳಲ್ಲಿರುವ ರೀಡರ್‌ಗಳಿಗೆಲ್ಲ ತಲುಪಲು ಇನ್ನೂ ಕಾಲ ಬೇಕು. ಬಯಲು ಹಾಳೆ ಮತ್ತು ಮುಚ್ಚಿದ ಅಟ್ಯಾಚ್‌ಮೆಂಟ್‌ಗಳ ಬೆರಕೆಯಿಂದಲೇ ಆಗಿರುವ ಲಕೋಟೆಯನ್ನು ನಿರ್ವಹಿಸುವವರು ಇದನ್ನು ಬೇರೆಲ್ಲರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು.

ಜನರಿಗೆ ಸುಲಭವಾಗಲಿ ಎಂದೇ ಈ ಸೂತ್ರ, ಬೇರೆ ಪಾಸ್‌ವರ್ಡ್ ಕೊಟ್ಟರೆ ಮರೆತುಬಿಡುತ್ತಾರೆ ಎಂಬುದು ಇನ್ನೊಂದು ವಾದ. ಜನರ ಹೆಸರಿನಲ್ಲಿ ಹೇಳುವ ಈ ಮಾತು ಜನ ನಿಜವಾಗಿ ಏನು ಮಾಡುತ್ತಿದ್ದಾರೆ ಎಂದು ನೋಡಿಲ್ಲ. ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಬೇಕಾದವರು ಪಿಡಿಎಫ್ ಅನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾರೆ, ಕೆಳಗೆ ಪಾಸ್‌ವರ್ಡನ್ನೂ ಟೈಪ್ ಮಾಡುತ್ತಾರೆ. ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕಡತ, ಚಾಟ್‌ನಲ್ಲಿ ಅದರ ಪಾಸ್‌ವರ್ಡ್, ಎರಡೂ ಉಳಿಯುತ್ತವೆ. ಇನ್ನು ಕೆಲವರು ಪಾಸ್‌ವರ್ಡ್ ತೆಗೆದುಕೊಡುವ ಯಾವುದೋ ವೆಬ್‌ಸೈಟಿಗೆ ತಮ್ಮ ದಾಖಲೆಯನ್ನೇ ಏರಿಸುತ್ತಾರೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಸಿಕ್ಕಸಿಕ್ಕವರಿಗೆ ಆಧಾರ್ ನಕಲು ಕೊಡಬೇಡಿ, ಸೈಬರ್ ಕೆಫೆಗಳಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಅಳಿಸಿ ಎಂದು ಪ್ರಕಟಣೆ ಕೊಟ್ಟಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ಎಚ್ಚರಿಕೆಯಲ್ಲಿದ್ದ ವಿಷಯ ಮಾತ್ರ ಇವತ್ತಿಗೂ ಸರಿ. ಪಾಸ್‌ವರ್ಡ್ ಇದೆ ಎಂಬ ನೆಮ್ಮದಿಯೇ ಜನರನ್ನು ಇಲ್ಲಿ ಉದಾಸೀನಕ್ಕೆ ದೂಡುತ್ತಿದೆ. ಮರೆವಿನ ಮಾತಿಗಂತೂ ಪ್ರತ್ಯಕ್ಷ ಉತ್ತರ ಇದೆ. ಮ್ಯೂಚುವಲ್ ಫಂಡ್‌ಗಳ ರಿಜಿಸ್ಟ್ರಾರ್ ಆದ ಕ್ಯಾಮ್ಸ್, ಒಟ್ಟು ಖಾತೆಯ ಸ್ಟೇಟ್‌ಮೆಂಟ್ ಕೇಳಿದವರಿಗೆ ಕೋರಿಕೆಯ ಸಮಯದಲ್ಲೇ ತಮಗೆ ಬೇಕಾದ ಪಾಸ್‌ವರ್ಡ್ ಬರೆಯಲು ಖಾನೆ ಕೊಡುತ್ತದೆ. ಅದರಿಂದ ಹೂಡಿಕೆದಾರರು ಕಂಗಾಲಾಗಿಲ್ಲ. ಮರೆತವರು ಹೊಸದಾಗಿ ಕೇಳಿಕೊಳ್ಳುತ್ತಾರೆ.

ಪಾಸ್‌ವರ್ಡ್ ಬದಲು ಡಿಜಿಟಲ್ ಸರ್ಟಿಫಿಕೇಟ್ ಬಳಸಿ ಕಳಿಸುವುದು ಎಲ್ಲರಿಗೂ ಆಗದ ಮಾತು ಎನ್ನುವವರಿಗೆ ಅರ್ಧ ಮಟ್ಟಿಗೆ ನನ್ನ ಒಪ್ಪಿಗೆ ಇದೆ. ಪಡೆಯುವವರ ಸಾರ್ವಜನಿಕ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿದರೆ ಪಾಸ್‌ವರ್ಡ್ ಎಂಬುದೇ ಬೇಡ, ಊಹಿಸಲು ಏನೂ ಇರುವುದಿಲ್ಲ. ಆದರೆ ಅದಕ್ಕೆ ಪಡೆಯುವವರ ಬಳಿ ಸರ್ಟಿಫಿಕೇಟ್ ಇರಬೇಕು, ಅದರ ಖಾಸಗಿ ಕೀಲಿ ಕಳೆದುಹೋದರೆ ಹಳೆಯ ಕಡತಗಳು ಮತ್ತೆಂದೂ ತೆರೆಯವು. ಪಿಂಚಣಿದಾರರಿಗೆ ಇದನ್ನು ಹೇರಲಾಗದು, ಹೇರಬಾರದು. ಆದರೆ ಆಡಿಟರ್, ಕಂಪನಿ ಸೆಕ್ರೆಟರಿ, ಗುತ್ತಿಗೆದಾರರ ವಿಷಯ ಬೇರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ ಕೊಡುವ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಟೋಕನ್ ಅವರ ಮೇಜಿನ ಮೇಲೆ ಈಗಾಗಲೇ ಇದೆ. ಇ-ಟೆಂಡರ್ ಹಾಕುವವರು ಸಹಿಯ ಸರ್ಟಿಫಿಕೇಟಿನ ಜೊತೆ ಎನ್‌ಕ್ರಿಪ್ಷನ್ ಸರ್ಟಿಫಿಕೇಟನ್ನೂ ಕೊಂಡಿರುತ್ತಾರೆ. ಇಷ್ಟೆಲ್ಲ ಇದ್ದೂ ಅದೇ ಆಡಿಟರ್‌ಗೆ ಕಂಪನಿಯ ಲೆಕ್ಕಪತ್ರ ಹೋಗುವುದು ಕಂಪನಿಯ ಹೆಸರಿಗೆ ವರ್ಷ ಅಂಟಿಸಿದ ಪಾಸ್‌ವರ್ಡಿನಲ್ಲಿ. ಸರ್ಟಿಫಿಕೇಟಿನ ಪಾಲಿಸಿಯನ್ನು ಒಮ್ಮೆ ಲಕೋಟೆಯ ಟೆಂಪ್ಲೇಟಿಗೆ ಜೋಡಿಸಿಡುವ ಕೆಲಸವನ್ನು ಯಾರಿಗೂ ವಹಿಸದೇ ಇರುವುದು ಬಿಟ್ಟರೆ ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ. ಉಳಿದ ಜನಕ್ಕೆ ಡಿಜಿಲಾಕರ್‌ನಂಥ ದಾರಿ ಇದೆ: ದಾಖಲೆಯನ್ನು ಮೇಲ್‌ಗೆ ತುರುಕದೆ, ಸಿದ್ಧವಾಗಿದೆ ಎಂದಷ್ಟೇ ತಿಳಿಸಿ, ಲಾಗಿನ್ ಆಗಿ ತೆಗೆದುಕೊಳ್ಳಲು ಬಿಡುವುದು. ಇಂಟರ್ನೆಟ್ ಗೊಡವೆಯೇ ಬೇಡ ಎನ್ನುವವರಿಗೆ ಅಂಚೆಯಲ್ಲಿ ಕಾಗದ ಕಳಿಸುವುದು ಅವಮಾನವೇನಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿ ಇಟ್ಟುಕೊಂಡವರು ಅದಕ್ಕೆ ಸಮಂಜಸವಾದ ಭದ್ರತೆ ಒದಗಿಸಬೇಕೆಂದು ಹೇಳುತ್ತದೆ. ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ನೂರು ಊಹೆಗೆ ಬಿಚ್ಚಿಕೊಳ್ಳುವ ಕಡತ ಸಮಂಜಸವಾದ ಭದ್ರತೆ ಆಗಲಾರದು. ಎನ್‌ಕ್ರಿಪ್ಷನ್ ಇತ್ತಲ್ಲ ಎಂದು ಸಂಸ್ಥೆಗಳು ವಾದಿಸಿದಾಗ ಆ ಕಾಯ್ದೆಯಡಿ ದಂಡ ವಿಧಿಸುವ ಮಂಡಳಿ ಅವರ ರವಾನೆಯ ಟೆಂಪ್ಲೇಟುಗಳನ್ನು ತರಿಸಿಕೊಂಡು ಓದಬೇಕು. ಪಾಸ್‌ವರ್ಡ್ ಯಾವ ಖಾನೆಗಳಿಂದ ತಯಾರಾಗುತ್ತದೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹೋಗುತ್ತಿದೆಯೇ, ಮೇಲಿನ ಹಾಳೆಯಲ್ಲಿ ಏನೆಲ್ಲ ಬಯಲಾಗಿದೆ, ಆ ಟೆಂಪ್ಲೇಟನ್ನು ಕೊನೆಯ ಸಲ ಯಾರು, ಯಾವಾಗ ಪರಿಶೀಲಿಸಿ ಸಹಿ ಹಾಕಿದರು ಎಂದು ಕೇಳಬೇಕು. ಗ್ರಾಹಕರೂ ತಮ್ಮ ಬ್ಯಾಂಕಿಗೆ, ವಿಮಾ ಕಂಪನಿಗೆ ಇದೇ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕಳಿಸಿ, ನನ್ನ ಪಾಸ್‌ವರ್ಡನ್ನು ನಾನೇ ಆರಿಸಿಕೊಳ್ಳಲು ಖಾನೆ ಕೊಡಿ ಎಂದು ಒತ್ತಾಯಿಸಬೇಕು.